ಎರಡನೆಯ ಆರೋಗ್ಯಮೇರಿ

ಭಾನುವಾರ ಎರಡನೇ ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಮದುವೆಯ ಪ್ರಕಟಣೆ ಓದುವುದು ಆ ಚರ್ಚಿನಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ. ಇಂಥವರ ಮಗ, ಇಂಥವರ ಮಗಳು. ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ಗುರುಗಳಿಗೆ ತಿಳಿಸತಕ್ಕದ್ದು. ಹೀಗೆ ಮೂರು ಭಾನುವಾರ ಓದುತ್ತಾರೆ. ಮೂರು ಭಾನುವಾರವೂ ಜನ ಕೈಕಟ್ಟಿ ನಿಂತು, ಮಟನ್ ಅಂಗಡಿಯಲ್ಲಿ ಸಾಲು ಎಷ್ಟುದ್ದ ಇದೆಯೋ ಎಂದು ಯೋಚಿಸುತ್ತಿರುತ್ತಾರೆ.

ಕಿವಿಗೊಟ್ಟು ಕೇಳುವವಳು ಅಂತೋಣಿಯಮ್ಮ ಒಬ್ಬಳೇ. ಬನ್ನಿಮಂಟಪದಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದ ಹೆಂಗಸು. ಈಗ ಚರ್ಚಿನ ಮಕ್ಕಳ ರಕ್ಷಣಾ ಸಮಿತಿಗೆ ಅಧ್ಯಕ್ಷೆ. ಆ ಸಮಿತಿಯಲ್ಲಿ ಆರು ಜನ. ಅವರಲ್ಲಿ ಐವರು ಕಾಫಿಗೆ ಬರುವವರು.

“ವರ, ಅಮಲ್. ವಧು, ಬೋಗಾದಿಯ ತೋಮಸ್ ಅವರ ಮಗಳು ಆರೋಗ್ಯಮೇರಿ,” ಎಂದು ಫಾದರ್ ಓದಿದಾಗ ಅಂತೋಣಿಯಮ್ಮನ ಕೈಯಲ್ಲಿದ್ದ ಜಪಮಾಲೆ ನಿಂತಿತು. ಆರೋಗ್ಯಮೇರಿ ಎಂದರೆ ಮನೆಮಂದಿಯೆಲ್ಲ ಜಾನ್ಸಿ ಎಂದು ಕರೆಯುವ ಹುಡುಗಿ. ಅವಳಿಗೆ ಅಂತೋಣಿಯಮ್ಮನೇ ಜ್ಞಾನತಾಯಿ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು, ಹೆತ್ತವರ ಜೊತೆ ತಾನೂ ಇದರ ಹೊಣೆ ಹೊರುತ್ತೇನೆ ಎಂದು ದೇವರ ಮುಂದೆ ಮಾತು ಕೊಟ್ಟವಳು. ಎಷ್ಟೋ ಜ್ಞಾನತಾಯಂದಿರಿಗೆ ಆ ಮಾತು ಕ್ರಿಸ್ಮಸ್ಸಿಗೊಂದು ಫ್ರಾಕು ಕೊಡಿಸಿದಲ್ಲಿಗೆ ತೀರುತ್ತದೆ. ಇವಳಿಗೆ ತೀರಿರಲಿಲ್ಲ. ಜಾನ್ಸಿ ಓದುತ್ತಿದ್ದುದು ಮೊದಲ ಪಿಯುಸಿ. ಅವಳಿಗೆ ಹದಿನಾರು ತುಂಬಿ ಎರಡೇ ತಿಂಗಳಾಗಿತ್ತು.

ಪೂಜೆ ಮುಗಿದದ್ದೇ ತಡ, ಅಂತೋಣಿಯಮ್ಮ ಸೀದಾ ಚರ್ಚಿನ ಆಫೀಸಿಗೆ ಹೋದಳು.

“ಅಡ್ಡಿ ಗೊತ್ತಿದ್ರೆ ಹೇಳಿ ಅಂದ್ರಲ್ಲ ಫಾದರ್, ಹೇಳಕ್ಕೇ ಬಂದಿದೀನಿ. ಆ ಹುಡುಗೀಗೆ ಇನ್ನೂ ಹದಿನಾರು.”

ಫಾದರ್ ಈ ಚರ್ಚಿಗೆ ಬಂದು ನಾಲ್ಕು ತಿಂಗಳಾಗಿತ್ತು. ಒಳ್ಳೆಯವರೇ, ಆದರೆ ಬರೆದಿಟ್ಟದ್ದನ್ನು ವೇದವಾಕ್ಯ ಎಂದು ನಂಬುವ ಪೈಕಿ. ಜ್ಞಾನಸ್ನಾನದ ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಮಗು ಆರೋಗ್ಯಮೇರಿ. ತಂದೆ ತೋಮಸ್. ಜ್ಞಾನತಾಯಿ ಅಂತೋಣಿಯಮ್ಮ. ತಾರೀಖಿನ ಪ್ರಕಾರ ಹುಡುಗಿಗೆ ಹತ್ತೊಂಬತ್ತು.

“ನಿಮ್ಮ ರುಜುನೇ ಇದೆಯಲ್ಲಮ್ಮಾ,” ಎಂದು ಫಾದರ್ ನಕ್ಕರು. “ವಯಸ್ಸಾದ ಮೇಲೆ ವರ್ಷಗಳು ಮರೆತುಹೋಗೋದು ಸಹಜ.”

ಮೂವತ್ತೊಂದು ವರ್ಷ ಮಕ್ಕಳ ಹುಟ್ಟಿದ ತಾರೀಖು ಬರೆದವಳಿಗೆ ಹೇಳುವ ಮಾತೇ ಇದು! ಅಂತೋಣಿಯಮ್ಮನಿಗೆ ಮೈ ಉರಿಯಿತು. ತನ್ನ ರುಜುವನ್ನೇ ದಿಟ್ಟಿಸಿದಳು. ಎಲ್ಲ ಹೊಳೆಯಿತು. ಕೋಪ ಇಳಿಯಿತು.

“ಮರೆವು ನನಗಲ್ಲ ಫಾದರ್, ನಿಮ್ಮ ಪುಸ್ತಕಕ್ಕೆ. ಸಮಾಧಿ ಮಾಡಿದವರ ಪುಸ್ತಕ ತೆಗೀರಿ. ಅದೇ ವರ್ಷದ್ದು.”

ಫಾದರ್ ಒಲ್ಲದ ಮನಸ್ಸಿನಿಂದಲೇ ತೆಗೆದರು. ನಾಲ್ಕನೇ ಹಾಳೆಯಲ್ಲಿತ್ತು: ಆರೋಗ್ಯಮೇರಿ, ತೋಮಸ್ ಅವರ ಮಗಳು, ಐದು ತಿಂಗಳು.

“ಇದು ಮೊದಲನೇ ಮಗು,” ಎಂದಳು ಅಂತೋಣಿಯಮ್ಮ. “ಜ್ವರ ಬಂದು ಹೋಯ್ತು. ತೋಮಸ್ಸನ ತಾಯಿ ಹೆಸರು ಮನೇಲಿ ಉಳೀಬೇಕು ಅಂತ ಎರಡನೇ ಹುಡುಗೀಗೂ ಅದನ್ನೇ ಇಟ್ರು. ಆದ್ರೆ ಸತ್ತ ಕೂಸಿನ ಹೆಸರು ಹಿಡಿದು ಕರೆಯಕ್ಕೆ ಯಾರಿಗೂ ಬಾಯಿ ಬರ್ಲಿಲ್ಲ. ಜಾನ್ಸಿ ಅಂದ್ರು. ಅವಳ ಜ್ಞಾನಸ್ನಾನ ಆಗಿದ್ದು ಅವರಮ್ಮನ ತವರಲ್ಲಿ, ಪಿರಿಯಾಪಟ್ಟಣದ ಕಡೆ. ಆ ಚರ್ಚಿನ ಪುಸ್ತಕ ತರಿಸಿ ನೋಡಿ. ಅಲ್ಲೂ ನಂದೇ ರುಜು.”

ಫಾದರ್ ಮುಖ ಸಣ್ಣದಾಯಿತು. ಆಗಲೇ ತೋಮಸ್ಸನಿಗೆ ಫೋನು ಹಚ್ಚಿದರು.

ತೋಮಸ್ ಬೋಗಾದಿಯ ಹೊಸ ಬಡಾವಣೆಗಳಲ್ಲಿ ಗಾರೆ ಕೆಲಸ ಮಾಡುವವನು. ಸ್ಕೂಟರಿನ ಹಿಂದೆ ಜಾನ್ಸಿಯನ್ನು ಕೂರಿಸಿಕೊಂಡು ಬಂದ. ಮೇಜಿನ ಮೇಲೆ ಎರಡು ಪುಸ್ತಕ ಬಿಚ್ಚಿದ್ದು ನೋಡಿದವನೇ ತಲೆ ತಗ್ಗಿಸಿದ.

“ನಾನ್ ಸುಳ್ಳು ಹೇಳ್ಳಿಲ್ಲ ಅಕ್ಕ. ಮದ್ವೆಗೆ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳ್ದೆ, ಫಾದರ್ರೇ ಪುಸ್ತಕ ನೋಡಿ ಬರ್ಕೊಟ್ರು. ದೇವ್ರೇ ದಾರಿ ತೋರಿಸ್ಬುಟ್ಟ ಅಂದ್ಕೊಂಡೆ.”

“ದೇವ್ರ ಮೇಲ್ ಹಾಕ್ಬೇಡ ಕಣೋ! ಸತ್ತೋಳ ವಯಸ್ಸು ತಂದು ಬದುಕಿರೋಳಿಗೆ ತೊಡಿಸ್ಬುಟ್ಟಿದೀಯ. ಆ ಅಮಲ್ ಒಳ್ಳೇ ಹುಡುಗನೇ ಇರ್ಬೋದು, ಕೆಲಸಾನೂ ಇರ್ಬೋದು. ಹದಿನಾರು ಹದಿನಾರೇ.”

“ನಿಮಗೇನ್ ಗೊತ್ತಕ್ಕ?” ತೋಮಸ್ಸನ ದನಿ ಏರಿತು. “ಇವಳಮ್ಮ ಹೋಗಿ ವರ್ಷ ಆಯ್ತು. ನಾನ್ ಬೆಳಿಗ್ಗೆ ಆರಕ್ಕೆ ಹೋದ್ರೆ ಬರೋದು ಏಳಕ್ಕೆ. ಸುತ್ತಮುತ್ತ ಬರೀ ಬಾಡಿಗೆ ಹುಡುಗ್ರು. ಬೆಳೆದ ಮಗಳನ್ನ ಒಂಟಿ ಬುಟ್ಟು ಹೋಗೋನಿಗೆ ಎದೆ ಎಂಗಿರ್ತದೆ?”

ಅಂತೋಣಿಯಮ್ಮನಿಗೆ ನಿಜಕ್ಕೂ ಅವನ ಮೇಲೆ ಕನಿಕರ ಬಂತು. ಹಾಗೆಂದು ಒಂದಿಂಚೂ ಸರಿಯಲಿಲ್ಲ.

“ಭಯ ನಿಂದು, ತಾಳಿ ಅವಳಿಗಾ? ಕಾಲೇಜು ಬಿಟ್ಟ ಮೇಲೆ ಸೀದಾ ಬನ್ನಿಮಂಟಪಕ್ಕೆ, ನಮ್ಮನೇಗೆ ಬರ್ಲಿ. ನೀನು ಕೆಲಸ ಮುಗಿಸ್ಕೊಂಡು ಬಂದು ಕರ್ಕೊಂಡೋಗು. ಅಲ್ಲೇ ಊಟಾನೂ ಮಾಡು. ಹದಿನೆಂಟು ಆದ್ಮೇಲೆ ಅವಳೇ ಮದುವೆ ಬೇಕು ಅಂದ್ರೆ ನಾನೇ ಮುಂದೆ ನಿಂತು ಮಾಡಿಸ್ತೀನಿ. ಇಲ್ಲ, ಈಗ್ಲೇ ಆಗ್ಬೇಕು ಅಂದ್ಯೋ, ಸಾವಿರದ ತೊಂಬತ್ತೆಂಟಕ್ಕೆ ಫೋನ್ ಮಾಡ್ತೀನಿ. ಮಕ್ಕಳ ಸಹಾಯವಾಣಿ ನಂಬರು ಕಣಪ್ಪ. ಆ ನಂಬರನ್ನ ನಮ್ಮ ಗೇಟಿನ ಮೇಲೆ ಬರೆಸಿರೋಳೂ ನಾನೇ.”

“ಅಮಲ್ ಮನೆಯೋರಿಗೆ ಏನಂತ ಹೇಳ್ಲಿ?”

“ನಿಜ ಹೇಳು. ಒಳ್ಳೇ ಜನ ಆಗಿದ್ರೆ ಒಪ್ಕೋತಾರೆ. ಒಪ್ಪಲಿಲ್ವಾ, ಅಂಥ ಸಂಬಂಧ ತಪ್ಪಿದ್ದೇ ಪುಣ್ಯ.”

“ನಾನೂ ಜೊತೆಗೆ ಬಂದು ಹೇಳ್ತೀನಿ,” ಎಂದರು ಫಾದರ್. “ಮುಂದಿನ ಭಾನುವಾರ ಈ ಪ್ರಕಟಣೆ ಓದೋದಿಲ್ಲ.”

ತೋಮಸ್ ಸಮಾಧಿ ಪುಸ್ತಕದ ಆ ಸಾಲಿನ ಮೇಲೆ ಸಿಮೆಂಟು ಕಚ್ಚಿದ ಬೆರಳಿಟ್ಟ. ಐದು ತಿಂಗಳ ಕೂಸನ್ನು ಈ ಕೈಯಲ್ಲೇ ಮಣ್ಣಿಗಿಳಿಸಿದ್ದ. ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು.

“ನೀವೇಳ್ದಂಗೇ ಆಗ್ಲಿ ಅಕ್ಕ,” ಎಂದ.

ಅಂತೋಣಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗೆದ್ದವಳ ಹಾಗೆ ನೆಟ್ಟಗೆ ಕೂತಳು. ಗೆದ್ದೂ ಇದ್ದಳು. ಫಾದರ್ ಎರಡೂ ಪುಸ್ತಕ ಮುಚ್ಚಿ, ಇಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದ ಜಾನ್ಸಿಯ ಕಡೆ ತಿರುಗಿದರು.

“ನಿನಗೆ ಹದಿನಾರೇ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತೇನಮ್ಮ?”

“ಸರ್ಟಿಫಿಕೇಟ್ ಬರೆದ ದಿನಾನೂ ನಾನು ಇದೇ ಬೆಂಚಿನ ಮೇಲೆ ಕೂತಿದ್ದೆ ಫಾದರ್,” ಎಂದಳು ಜಾನ್ಸಿ. “ನೀವು ಪುಸ್ತಕ ನೋಡಿದ್ರಿ. ನನ್ನನ್ನ ನೋಡ್ಲೇ ಇಲ್ಲ.”