ಬೆಣಚುಕಲ್ಲಿನ ಎಳೆ ಕಡಿದ ಜಾಗ

ಕಲ್ಲುಕುಟಿಗನೂ ಅವನ ತಂಗಿಯ ಗಂಡ ಲಾರಿ ಡ್ರೈವರನೂ ಚಿನ್ನದ ಆಸೆಗೆ ಎಂಟು ತಿಂಗಳು ಬೆವರು ಹರಿಸಿ ಗುಡ್ಡದಲ್ಲಿ ಸುರಂಗ ತೋಡಿದ್ದರು. ಒಳಗೆ ಬೆಣಚುಕಲ್ಲಿನ ಬಿಳಿ ಎಳೆ, ಅದರಲ್ಲಿ ಅಲ್ಲಲ್ಲಿ ಮಿನುಗು. ಮೊದಮೊದಲು ಒಂದೇ ಡಬ್ಬಿಯಲ್ಲಿ ಉಂಡವರು ಈಗ ಒಬ್ಬರ ಚೀಲ ಒಬ್ಬರು ತಡಕುತ್ತಿದ್ದರು. ಹಿಂದಿನ ವಾರವಷ್ಟೇ ಹೊಡೆದಾಟವಾಗಿ ಡ್ರೈವರನ ತುಟಿಗೆ ಮೂರು ಹೊಲಿಗೆ ಬಿದ್ದಿದ್ದವು. ರೋಸಿಹೋದ ತಂಗಿಯೇ ಗಣಿ ಇಲಾಖೆಗೆ ಅರ್ಜಿ ಬರೆದಳು. "ತಿಳಿದವರು ಬಂದು ಹೇಳಿಬಿಡ್ಲಿ. ಆಮೇಲಾದ್ರೂ ಇಬ್ರೂ ಬಾಯಿ ಮುಚ್ಕೊಂಡಿರಿ."

ಬಂದವಳು ಐವತ್ತು ದಾಟಿದ ಭೂವಿಜ್ಞಾನಿ. ಎರಡು ದಿನ ಗೋಡೆ ಅಳೆದಳು, ಗುಡ್ಡವನ್ನೆಲ್ಲ ಸುತ್ತಿದಳು. ಮೂರನೆಯ ಬೆಳಿಗ್ಗೆ ಸುರಂಗದ ಕೊನೆಯಲ್ಲಿ ಇಬ್ಬರನ್ನೂ ನಿಲ್ಲಿಸಿ ಟಾರ್ಚ್ ಹಿಡಿದಳು.

"ಈ ಹಳದಿ ಹೊಳಪು ಚಿನ್ನ ಅಲ್ಲ, ಕಬ್ಬಿಣ ಗಂಧಕ ಸೇರಿದ್ದು. ಚಿನ್ನ ಇದೆ, ಆದ್ರೆ ಕಣ್ಣಿಗೆ ಕಾಣದಷ್ಟು. ಈ ಬೂದು ಗೆರೇಲಿ ಒಂಚೂರು ಬೆಳ್ಳಿ. ಸುರಂಗದ ಬಾಯಿ ಹತ್ರ ಮೊಳದಗಲ ಇದ್ದ ಎಳೆ ಇಲ್ಲಿ ನಾಲ್ಕು ಬೆರಳು. ಈ ಬಿರುಕಲ್ಲಿ ಬಂಡೆ ಜಾರಿ ಎಳೆ ಕಡಿದುಹೋಗಿದೆ. ಆಚೆ ಕಡೆ ಎಲ್ಲ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಇನ್ನು ತೋಡಿ ಫಲ ಇಲ್ಲ."

ಕಲ್ಲುಕುಟಿಗ ಸುತ್ತಿಗೆ ಕೈಗೆತ್ತಿಕೊಂಡ. "ಇದು ಇವನು ಹೇಳಿಕೊಟ್ಟ ಪಾಠ. ನಾನು ಕೈಬಿಟ್ಟು ಹೋದ್ರೆ ಒಬ್ಬನೇ ನುಂಗಿ ನೀರು ಕುಡಿಯೋಣ ಅಂತ!"

"ಭಾವ, ತಲೆ ಕೆಟ್ಟಿದೆಯಾ ನಿಂಗೆ?"

ಸುತ್ತಿಗೆ ಡ್ರೈವರನ ದವಡೆಗೆ ಬಡಿಯಿತು. ಹಲ್ಲು ಉದುರಿದವು. ಎರಡನೆಯ ಏಟು ಕಣ್ಣಿನ ಮೇಲೆ ಬಿತ್ತು. ಭೂವಿಜ್ಞಾನಿ ಹೊಡೆಯುತ್ತಿದ್ದ ತೋಳಿಗೆ ಜೋತುಬಿದ್ದಳು. ಕಲ್ಲುಕುಟಿಗ ಅವಳನ್ನು ಬಂಡೆಗೆ ಅಪ್ಪಳಿಸಿದ. ಪಕ್ಕೆಲುಬು ಲಟಕ್ಕೆಂದಿತು, ಉಸಿರೇ ನಿಂತಂತಾಯಿತು. ಕೆಳಗೆ ಬಿದ್ದ ಡ್ರೈವರ್ ಕುರುಡಾಗಿ ಕಲ್ಲೊಂದನ್ನು ಎತ್ತಿ ಭಾವನ ಮಂಡಿಗೆ ಕುಟ್ಟಿದ. ಭಾವ ಕುಸಿದು ಅವನ ಎದೆಯ ಮೇಲೇ ಕುಳಿತ, ಮತ್ತೆ ಸುತ್ತಿಗೆ ಎತ್ತಿದ.

ಊಟ ತಂದಿದ್ದ ತಂಗಿ ಕೂಗು ಕೇಳಿ ಒಳಗೆ ಓಡಿಬಂದಳು. ಗೋಡೆಗೆ ಒರಗಿದ್ದ ಹಾರೆ ತೆಗೆದು ಅಣ್ಣನ ಮಣಿಕಟ್ಟಿನ ಮೇಲೆ ಬೀಸಿದಳು. ಮೂಳೆ ಪುಡಿಯಾಯಿತು.

"ನೀನಾ?" ಎಂದ ಅಣ್ಣ.

"ಹೂಂ, ನಾನೇ. ಇನ್ನೊಂದು ಕೈ ಎತ್ತು, ಅದನ್ನೂ ಮುರೀತೀನಿ."

ಡ್ರೈವರನ ಎಡಗಣ್ಣು ಹೋಯಿತು, ಜೀವ ಉಳಿಯಿತು. ಕೋರ್ಟಿನಲ್ಲಿ ತಂಗಿ ನಡೆದದ್ದನ್ನು ನಡೆದಂತೆ ಹೇಳಿದಳು, ತಾನು ಹೊಡೆದದ್ದನ್ನೂ ಮುಚ್ಚಿಡಲಿಲ್ಲ. ಅಣ್ಣನಿಗೆ ಆರು ವರ್ಷ ಜೈಲಾಯಿತು.

ತೀರ್ಪಾದ ತಿಂಗಳಿಗೆ ಭೂವಿಜ್ಞಾನಿ ಅವನನ್ನು ನೋಡಲು ಜೈಲಿಗೆ ಹೋದಳು. ಅವಳಿಗೂ ಒಳಗೊಳಗೇ ಕೊರೆಯುತ್ತಿತ್ತು. "ಆ ಮಾತನ್ನ ಹೊರಗೆ ಬಯಲಲ್ಲಿ ಹೇಳ್ಬೇಕಿತ್ತು ನಾನು. ಸಿಟ್ಟಲ್ಲಿದ್ದ ಇಬ್ಬರನ್ನ ಬಿಲದೊಳಗೆ ನಿಲ್ಲಿಸಿದೆ."

ಅವನು ಮುಂದಕ್ಕೆ ಬಾಗಿದ. "ಬಿರುಕಿನ ಆಚೆ ನಿಜವಾಗ್ಲೂ ಇಲ್ವಾ?"

"ಇಲ್ಲ."

ಮುದುಡಿದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ, "ತಂಗಿ ಹೇಗಿದಾಳೆ?" ಎಂದ.

"ನನ್ನ ಜೊತೆಗೇ ಬಂದಿದಾಳೆ. ಗೇಟ್ ಹತ್ರ ನಿಂತಿದಾಳೆ. ಒಳಗೆ ಬರಲ್ಲ ಅಂದ್ಲು."

ಅವನು ಕಿಟಕಿಯತ್ತ ತಿರುಗಿದ. ಅಲ್ಲಿಂದ ಗೇಟು ಕಾಣುತ್ತಿರಲಿಲ್ಲ. ಆದರೂ ಪೇದೆ ಬಂದು ಏಳಿಸುವವರೆಗೂ ಆ ಕಡೆಗೇ ನೋಡುತ್ತ ಕುಳಿತಿದ್ದ.