ಮೇಲಿನ ಮೂರು ಕಲ್ಲು

ಉತ್ತರದ ಹಿಮನಾಡಿನ ನಮ್ಮಲ್ಲಿ ಹೌದು ಎನ್ನಲು ಬಾಯಿ ಬೇಕಿಲ್ಲ, ಹುಬ್ಬೇರಿಸಿದರೆ ಸಾಕು. ಇಲ್ಲ ಎನ್ನಲು ಮೂಗು ಸುಕ್ಕಿಸುತ್ತೇವೆ. ಮಾತನ್ನು ದುಂದು ಮಾಡಬಾರದು ಎನ್ನುತ್ತಿದ್ದರು ನಮ್ಮತ್ತೆ ಉಲಾಯು. ಆ ಜಿಪುಣತನವೇ ಅವರ ಹೊಳೆಗೆ ಮುಳುವಾಗುವುದರಲ್ಲಿತ್ತು.

ಅತ್ತೆ ಹೊಳೆಗೆ ಅಡ್ಡಲಾಗಿ ಎರಡು ಕಲ್ಲುಗೋಡೆ ಕಟ್ಟಿದ್ದರು. ಬೇಸಿಗೆಯ ಕೊನೆಗೆ ಚಾರ್ ಎಂಬ ಮೀನು ಸಮುದ್ರದಿಂದ ಸರೋವರಕ್ಕೆ ಮರಳುವಾಗ ಆ ಗೋಡೆಗಳ ನಡುವೆ ಬಂದು ಸೇರುತ್ತದೆ. ಆಗ ಕೆಳಗಿನ ಗೋಡೆಯ ಬಾಯಿ ಮುಚ್ಚಿ, ನೀರಿಗಿಳಿದು ಈಟಿಯಿಂದ ಚುಚ್ಚುತ್ತೇವೆ. ನಮಗೆ ಸಾಕಾದ ಮೇಲೆ ಮೇಲಿನ ಗೋಡೆಯ ಮೂರು ಕಲ್ಲು ತೆಗೆಯಬೇಕು. ಉಳಿದವು ಸರೋವರ ಸೇರಿ ಮೊಟ್ಟೆಯಿಟ್ಟು, ಮಂಜುಗಡ್ಡೆಯ ಅಡಿಯಲ್ಲಿ ಚಳಿಗಾಲ ಕಳೆಯುತ್ತವೆ. ಹೊಳೆಯಲ್ಲೇ ಸಿಕ್ಕಿಕೊಂಡರೆ ಉಳಿಗಾಲವಿಲ್ಲ, ಹೊಳೆ ತಳದವರೆಗೂ ಹೆಪ್ಪುಗಟ್ಟುತ್ತದೆ. ಸಾಯುವ ಮುಂಚೆ ಅತ್ತೆ ಆ ಮೂರು ಕಲ್ಲಿನ ಹೊಣೆಯನ್ನು ನನಗೆ ಒಪ್ಪಿಸಿದ್ದರು, ಹೆತ್ತ ಮಗ ಪುಟುಲಿಕ್‌ಗಲ್ಲ.

ಈ ವರ್ಷ ಮೀನು ಹಿಡಿದು ಮುಗಿಸಿದ ದಿನ ಮೈದುನ ಪುಟುಲಿಕ್ ತನ್ನ ದೋಣಿಯ ಎಂಜಿನ್ ಶುರುಮಾಡಿ ನನಗಿಂತ ಮುಂಚೆ ಹೊರಟಿದ್ದ.

"ಕಲ್ಲು ತೆಗೆದ್ಯಾ?" ಎಂದು ದಡದಿಂದ ಕೂಗಿದೆ.

ತಿರುಗಿ ನೋಡಿದ. ನೊಣದ ಕಾಟಕ್ಕೆ ಮುಖದ ಮೇಲೆ ಕಪ್ಪು ಬಲೆ ಹಾಕಿಕೊಂಡಿದ್ದ. ಹುಬ್ಬೇರಿಸಿದ ಎಂದುಕೊಂಡೆ. ನನಗೆ ಮಂಡಿನೋವು, ಗೋಡೆ ಇದ್ದದ್ದು ಬಂಡೆಯಾಚೆ. ಹೋಗಿ ನೋಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವನು ನಮ್ಮ ಮನೆಗೆ ಚಹಾಕ್ಕೆ ಬಂದ. ನೆಲದ ಮೇಲೆ ರಟ್ಟು ಹಾಸಿ ಹೆಪ್ಪುಗಟ್ಟಿದ ಮೀನು ಹೆಚ್ಚುತ್ತಿದ್ದೆ.

"ಅತ್ತಿಗೆ, ಈ ಮಂಡಿ ಇಟ್ಕೊಂಡು ಆ ಕಲ್ಲು ಹೇಗೆ ಎತ್ತಿದ್ರಿ? ನಿಮ್ದು ಕರಡಿ ಜೀವ ಬಿಡಿ."

ಕತ್ತಿ ನಿಂತಿತು. "ನಾನೆಲ್ಲಿ ಎತ್ತಿದೆ? ನೀನು ಹೂಂ ಅಂದ್ಯಲ್ಲ?"

"ಮೂಗು ಸುಕ್ಕಿಸಿದ್ನಲ್ಲ ಅತ್ತಿಗೆ. ಆ ಕಲ್ಲು ನಿಮ್ದು. ನಾನು ಮುಟ್ತೀನಾ?"

ಚಹಾ ಅಲ್ಲೇ ಬಿಟ್ಟು ದೋಣಿ ಹತ್ತಿದೆವು.

ದಾರಿಯುದ್ದಕ್ಕೂ ನನ್ನ ಕಣ್ಣು ದಡದ ಮೇಲೆಯೇ. ಚಳಿ ಬಿದ್ದು ಬೆಟ್ಟದ ಹಿಮ ಕರಗುವುದು ನಿಂತಿತ್ತು. ದಡದ ಕಲ್ಲುಗಳಲ್ಲಿ ಒದ್ದೆ ಗೆರೆ ಒಂದು ಗೇಣು ಕೆಳಗಿಳಿದಿತ್ತು. ಪುಟುಲಿಕ್ ಎಂಜಿನ್ ಇನ್ನಷ್ಟು ಜೋರು ಮಾಡಿದ. ದೂರದಿಂದಲೇ ಹೊಳೆಯ ಮೇಲೆ ಕಡಲಹಕ್ಕಿಗಳು ಸುತ್ತುವುದು ಕಂಡಿತು. ಅಷ್ಟೊಂದು ಹಕ್ಕಿ ಸುಮ್ಮನೆ ಸೇರುವುದಿಲ್ಲ.

ಗೋಡೆಗಳ ನಡುವೆ ನೀರು ಮೊಣಕಾಲಿಗೂ ಇರಲಿಲ್ಲ. ಮೀನುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು, ಕೆಂಪು ಹೊಟ್ಟೆ ಕಲ್ಲಿಗೆ ಉಜ್ಜುತ್ತಿತ್ತು, ಬೆನ್ನು ಗಾಳಿಗೆ ಒಣಗುತ್ತಿತ್ತು. ಅಂಚಿನಲ್ಲಿದ್ದವುಗಳ ಕಣ್ಣನ್ನು ಹಕ್ಕಿ ಕುಕ್ಕಿತ್ತು. ಎಣಿಸಲು ಮನಸ್ಸಾಗಲಿಲ್ಲ.

ನೀರಿಗಿಳಿದು ಮೂರು ಕಲ್ಲು ಉರುಳಿಸಿದೆವು. ಒಂದು ದೊಡ್ಡ ಹೆಣ್ಣು ಮೀನು ಸಂದಿಯಲ್ಲಿ ನುಗ್ಗಿ ನಾಲ್ಕು ಮಾರು ಹೋಗಿ ಅಡ್ಡಬಿತ್ತು. ಗೋಡೆಯಿಂದ ಮೇಲಕ್ಕೆ ಹೊಳೆ ಅಗಲವಾಗಿ ಹರಡಿ, ಪಾದ ಮುಳುಗುವಷ್ಟೇ ನೀರಿತ್ತು. ಅದನ್ನು ಎತ್ತಿ ಗೋಡೆಗಳ ನಡುವಿನ ಮಡುವಿಗೇ ತಂದು ಬಿಟ್ಟೆ. ಬೆರಳಿಗೆ ಮೊಟ್ಟೆ ಅಂಟಿಕೊಂಡಿತು.

"ನೀರನ್ನ ಒಂದೇ ಕಡೆ ತಿರುಗಿಸ್ಬೇಕು," ಎಂದ ಪುಟುಲಿಕ್. "ಎರಡು ಸಾಲು ಕಲ್ಲಿಟ್ರೆ ಕಾಲುವೆ ಆಗುತ್ತೆ. ಅಷ್ಟು ಕಲ್ಲು ಎಲ್ಲಿದೆ?"

ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ತಾಯಿಯ ಗೋಡೆಯ ಕಡೆ ನೋಡದೆ ನಿಂತ. ಮೊದಲ ಕಲ್ಲನ್ನು ನಾನೇ ಕಿತ್ತೆ.

ಮಧ್ಯಾಹ್ನದವರೆಗೆ ಹೊತ್ತೆವು. ಕಾಲಿಗೆ ಜೀವವೇ ಇರಲಿಲ್ಲ. ಎರಡು ಗೋಡೆ ಕರಗಿ ಒಂದು ಇಕ್ಕಟ್ಟಾದ ಕಾಲುವೆಯಾಯಿತು. ಅದರಲ್ಲಿ ನೀರು ಮೊಣಕಾಲಿಗೆ ಬಂತು. ಅದೇ ಹೆಣ್ಣು ಮೀನು ಮೊದಲು ಬಾಲ ಬೀಸಿತು. ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ ಬದುಕಿದ್ದವೆಲ್ಲವೂ.

ಖಾಲಿ ಹೊಳೆ ನೋಡುತ್ತ ಪುಟುಲಿಕ್ ಕೇಳಿದ, "ಗೋಡೆ ಕಿತ್ತಿದ್ದಕ್ಕೆ ಅವ್ವ ಬೈತಿದ್ಲಾ?"

ನೊಣದ ಕಾಲ ಮುಗಿದಿತ್ತು, ಯಾರ ಮುಖದ ಮೇಲೂ ಬಲೆಯಿರಲಿಲ್ಲ. ಮೂಗು ಸುಕ್ಕಿಸಿದ್ದರೆ ಸಾಕಿತ್ತು. ಆದರೂ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿದೆ.

"ಇಲ್ಲ ಪುಟುಲಿಕ್. ಬಂಡೆಯಾಚೆ ಹೋಗಿ ನೋಡದೆ ಇದ್ದದ್ದಕ್ಕೆ ಬೈತಿದ್ರು. ನನ್ನನ್ನ."