ಎಲೆಯ ತಮ್ಮ

ನಮ್ಮ ಬೀದಿಯ ಮೂಲೆಯಲ್ಲಿರುವ ಮರದಷ್ಟು ದೊಡ್ಡ ಮರ ಭೂಮಿಯ ಮೇಲೆ ಇನ್ನೊಂದಿಲ್ಲ. ಇದೆ ಎನ್ನುವವರು ಬಂದು ನನ್ನ ಕುರ್ಚಿಯಲ್ಲಿ ಕೂರಲಿ, ಗಂಟಲ ಮೇಲೆ ಕತ್ತಿ ಇಟ್ಟುಕೊಂಡು ನಿಧಾನವಾಗಿ ಮಾತಾಡೋಣ. ಅದರ ನೆರಳು ಎಷ್ಟು ದಟ್ಟವೆಂದರೆ, ನಡುಮಧ್ಯಾಹ್ನದಲ್ಲೂ ನಾನು ಕೆಲವರ ಮೀಸೆಯನ್ನು ಕೈಯಿಂದ ತಡವಿ ಹುಡುಕಿದ್ದೇನೆ. ಅದರ ಜಾತಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಗಿಡಮರ ಓದಿಕೊಂಡ ಇಬ್ಬರು ಪಂಡಿತರು ಒಮ್ಮೆ ನೋಡಲು ಬಂದು, ಒಂದೇ ಎಲೆಯನ್ನು ಆ ಕಡೆ ಈ ಕಡೆ ಹಿಡಿದೆಳೆದು ಜಗಳವಾಡಿ ಹೋದರು. ಒಬ್ಬ ಇನ್ನೊಬ್ಬನ ತಂಗಿಯನ್ನು ಮದುವೆಯಾಗಬೇಕಿತ್ತಂತೆ. ಅದೂ ಮುರಿದುಬಿತ್ತು.

ಆ ಮರದ ಕೆಳಗೇ ನನ್ನ ಕ್ಷೌರದಂಗಡಿ. ಅಂಗಡಿ ಎಂದರೆ ಗೋಡೆ ಬಾಗಿಲು ಇರುವಂಥದ್ದಲ್ಲ. ಒಂದು ಕುರ್ಚಿ, ಒಂದು ಪೆಟ್ಟಿಗೆ, ಮರದ ಕಾಂಡಕ್ಕೆ ಹೊಡೆದ ಒಂದು ಮೊಳೆ, ಮೊಳೆಗೆ ತೂಗುಹಾಕಿದ ಕನ್ನಡಿ. ಮೊಳೆ ಹೊಡೆದವರು ನಮ್ಮಪ್ಪ. ಒಂದೇ ಏಟಿಗೆ ಒಳಗೆ ಹೋಯಿತಂತೆ, ಆ ಸದ್ದಿಗೆ ಹಾರಿದ ಕಾಗೆಗಳು ಇನ್ನೂ ಮರಳಿ ಬಂದಿಲ್ಲವಂತೆ. ನನ್ನ ಕೈಯೂ ಕಡಿಮೆಯದಲ್ಲ. ನಾನು ಕತ್ತರಿಸಿದ ಕೂದಲಿಗೆ ತಾನು ತುಂಡಾದ ಸಂಗತಿ ನೆಲಕ್ಕೆ ಬಿದ್ದ ಮೇಲಷ್ಟೇ ತಿಳಿಯುತ್ತದೆ. ಆದರೂ ಒಂದು ನಿಜವನ್ನು ಮುಚ್ಚಿಡುವುದಿಲ್ಲ: ಗಿರಾಕಿಗಳು ಬರುವುದು ಅರ್ಧ ನನ್ನ ಕೈಗೆ, ಅರ್ಧ ಆ ನೆರಳಿಗೆ. ಮರ ಬಿಟ್ಟು ಬಿಸಿಲಿಗೆ ಕುರ್ಚಿ ಹಾಕಿದರೆ ನನ್ನ ಸ್ವಂತ ಷಡ್ಡಕನೂ ಬಂದು ಕೂರುವುದಿಲ್ಲ.

ಎದುರು ಮನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಒಳ್ಳೆಯ ಹೆಂಗಸು. ದಿನವಿಡೀ ಜನರ ಬಾಯೊಳಗೆ ಯಂತ್ರ ಗಿರಗಿರ ಅನ್ನಿಸಿ, ಸಂಜೆ ಬಾಲ್ಕನಿಗೆ ಬಂದು ಮರವನ್ನು ನೋಡುತ್ತ ನಿಲ್ಲುವವರು. ನಾನೂ ಕೆಳಗಿನಿಂದ ಸೋಪಿನ ಬ್ರಶ್ ಎತ್ತಿ ತೋರಿಸುತ್ತಿದ್ದೆ. ನಮ್ಮ ನಡುವೆ ಯಾವ ತಕರಾರೂ ಇರಲಿಲ್ಲ. ಒಂದು ಭಾನುವಾರ ಅವರು ಬೇರುಗುರುವನ್ನು ಕರೆತಂದರು.

ಬೇರುಗುರು ಎಂಬುದು ಬೀದಿಯವರು ಇಟ್ಟ ಹೆಸರು. ಆತ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರ ಪಾದ ನೋಡಿಯೇ ಮಾತಾಡುತ್ತಿದ್ದ. ಮನುಷ್ಯನ ಬೇರು ಪಾದವಂತೆ. ಕೂದಲಂತೂ ಸೊಂಟದವರೆಗೆ, ಕಪ್ಪಗೆ, ದಪ್ಪಗೆ, ಎರಡು ಎತ್ತುಗಳನ್ನು ಕಟ್ಟಿ ಎಳೆದರೂ ಹರಿಯದಂಥದ್ದು. ಅದನ್ನು ಕಂಡ ಕೂಡಲೇ ಪೆಟ್ಟಿಗೆಯೊಳಗಿದ್ದ ನನ್ನ ಕತ್ತರಿ ತಾನಾಗಿಯೇ ಕಟಕಟ ಎಂದಿತು.

ಆತ ಮರದ ಸುತ್ತ ಚಾಪೆ ಹಾಸಿ ಜನರನ್ನು ಮಲಗಿಸಿದ. ಸಣ್ಣದೊಂದು ಡೋಲನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ಬಾರಿಸುತ್ತ, "ಕಣ್ಣು ಮುಚ್ಚಿ. ನಿಮ್ಮ ಕಾಲ್ಬೆರಳು ಬೇರಾಗ್ತಾ ಇದೆ. ಮಣ್ಣೊಳಗೆ ಇಳೀರಿ. ಇನ್ನೂ ಇಳೀರಿ. ಅಲ್ಲಿ ಮರದ ಆತ್ಮ ಕೂತಿದೆ. ಏನು ಹೇಳುತ್ತೋ ಕೇಳಿಸ್ಕೊಳ್ಳಿ" ಎಂದ. ಇದಕ್ಕೆ ಒಳಪಯಣ ಎಂದು ಹೆಸರು. ಪಯಣ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ಕೂತು ಮರ ಹೇಳಿದ್ದನ್ನು ಹೇಳಬೇಕು. ನಿಯಮ ಒಂದೇ: ಮರದ ಮಾತಿಗೆ ಎದುರು ಮಾತಿಲ್ಲ. ಯಾರು ಏನು ಕೇಳಿಸಿಕೊಂಡರೋ ಅದು ಕೇಳಿಸಿಕೊಂಡಂತೆಯೇ ನಿಂತಿತು.

ಮರ ಬಹಳ ಬುದ್ಧಿವಂತ ಮರ. ಯಾರ್ಯಾರಿಗೆ ಏನೇನು ಬೇಕೋ ಅದನ್ನೇ ಹೇಳಿತು. ನಿವೃತ್ತ ಮೇಷ್ಟ್ರಿಗೆ, ಮಕ್ಕಳು ಮರದ ಕೆಳಗೆ ಚೆಂಡಾಡುವುದು ತನಗೆ ಇಷ್ಟವಿಲ್ಲ ಎಂದಿತು. ಚೆಂಡು ಬಿದ್ದು ಒಡೆದದ್ದು ಮೇಷ್ಟ್ರ ಕಿಟಕಿಯ ಗಾಜು ಎಂಬುದು ಬೇರೆ ಮಾತು. ಆಮೇಲೆ ಡಾಕ್ಟರಮ್ಮ ಎದ್ದು ಕೂತರು. ಅವರ ಕಣ್ಣಲ್ಲಿ ನೀರು.

"ಅದಕ್ಕೆ ನೋವಿದೆ" ಎಂದರು. "ಸೊಂಟದಲ್ಲಿ ಏನೋ ಚುಚ್ಚಿಕೊಂಡಿದೆ ಅಂತು. ಹುಳುಕು ಹಲ್ಲಿನ ಹಾಗೆ ಜುಂ ಅಂತ ನೋವಂತೆ. ಕಿತ್ತುಬಿಡಿ ಅಂತು."

ಎಲ್ಲರೂ ನನ್ನ ಮೊಳೆಯ ಕಡೆ ತಿರುಗಿದರು. ನಾನು ಒಬ್ಬ ಗಿರಾಕಿಯ ಅರ್ಧ ಗಡ್ಡ ತೆಗೆದು ನಿಂತಿದ್ದೆ. ಆತನೂ ಅರ್ಧ ಗಡ್ಡದಲ್ಲೇ ತಿರುಗಿ ನನ್ನನ್ನು ಕೊಲೆಗಾರನ ಹಾಗೆ ನೋಡಿ, ಹಾಗೇ ಎದ್ದು ಹೋದ.

ಬೇರುಗುರು ನನ್ನ ಚಪ್ಪಲಿಯನ್ನು ನೋಡುತ್ತ ಹೇಳಿದ: "ಮುಂದಿನ ಭಾನುವಾರ ಮೊಳೆ ಕೀಳೋಣ. ಕನ್ನಡಿ, ಕುರ್ಚಿ ಎಲ್ಲ ತಗೊಂಡು ಹೋಗಿ. ಸುತ್ತ ಬೇಲಿ ಹಾಕ್ತೀವಿ. ಬೇಜಾರು ಮಾಡ್ಕೋಬೇಡಿ ಅಣ್ಣ, ಇದು ನಮ್ಮ ಮಾತಲ್ಲ."

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಆಕೆ ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ.

"ಮರ ಮಾತಾಡಿದ್ರೆ ನೀವೂ ಹೋಗಿ ಮಾತಾಡ್ಸಿ" ಎಂದಳು. "ಇಷ್ಟು ವರ್ಷ ಅದರ ಬುಡದಲ್ಲೇ ಬಿದ್ದಿದ್ದೀರಿ. ನಿಮಗಿಂತ ಹತ್ತಿರದ ನೆಂಟರು ಯಾರಿದ್ದಾರೆ ಅದಕ್ಕೆ?"

"ನಾನು ಸುಳ್ಳು ಹೇಳ್ಬೇಕಾ?"

"ಹೊಸದಾಗಿ ಕಲೀಬೇಕಾ?"

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಚಾಪೆಯ ಮೇಲೆ ಅಂಗಾತ ಮಲಗಿದೆ. ಡೋಲು ಡುಬುಡುಬು ಎಂದಿತು. ಬೆರಳು ಬೇರಾಯಿತೋ ಇಲ್ಲವೋ, ಗಾಳಿ ತಂಪಾಗಿತ್ತು, ಹಾಗೇ ನಿದ್ದೆ ಹತ್ತಿತು. ನನ್ನ ಗೊರಕೆಗೆ ಎರಡನೇ ಬೀದಿಯಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳು ಬಿದ್ದವೆಂದು ಆಮೇಲೆ ಕೇಳಿದೆ. ಬೇರುಗುರು ಮಾತ್ರ, "ಯಾರೂ ಎಬ್ಬಿಸಬೇಡಿ, ಅಷ್ಟು ಆಳಕ್ಕೆ ನಾನೂ ಹೋಗಿಲ್ಲ" ಎಂದನಂತೆ.

ಎದ್ದು ಕೂತೆ. ಆಕಳಿಕೆ ನುಂಗಿದೆ. ಬಾಯಿ ತೆರೆದೆ ನೋಡಿ, ಮಾತು ಕಟ್ಟೆಯೊಡೆದ ಕೆರೆಯ ಹಾಗೆ ಹರಿಯಿತು.

"ಮರ ನನ್ನನ್ನು ಮಗನೇ ಅಂತ ಕರೀತು. ಆ ಮೊಳೆ ಹೊಡೆದಾಗ ನೋವಾಗಿದ್ದು ನಿಜವಂತೆ. ಡಾಕ್ಟರಮ್ಮ ಕೇಳಿಸಿಕೊಂಡಿದ್ದು ಆ ಹಳೇ ನೋವು. ಆದ್ರೆ ಈಗ ಅದರ ಸುತ್ತ ಮರ ಮೈ ಬೆಳೆಸಿಕೊಂಡಿದೆ. ಈಗ ಅದು ಮೊಳೆಯಲ್ಲ, ಮರದ ಹೊಕ್ಕುಳು! ಕಿತ್ತರೆ ಜೀವ ಹೋಗುತ್ತೆ ಅಂತು. ಮತ್ತೆ ಆ ಕನ್ನಡಿ, ಅದೇ ಮರದ ಕಣ್ಣು. ಪಾಪ, ಅದು ತನ್ನ ಮುಖ ತಾನು ನೋಡ್ಕೊಳ್ಳೋದು ಅದರಲ್ಲೇ."

ಡಾಕ್ಟರಮ್ಮ ಕರವಸ್ತ್ರ ತೆಗೆದರು. ಮೇಷ್ಟ್ರು ಎದುರು ಹೇಳಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿಕೊಂಡರು. ಮೊಳೆ ಉಳಿಯಿತು, ಕನ್ನಡಿ ಉಳಿಯಿತು, ಕುರ್ಚಿ ಉಳಿಯಿತು. ಅಲ್ಲಿಗೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಎದುರಿಗೆ ಅಷ್ಟು ಜನ ಬಾಯಿ ಬಿಟ್ಟುಕೊಂಡು ಕೂತಿರುವಾಗ ಕಲೆಗಾರ ಎಲ್ಲಿ ನಿಲ್ಲಿಸುತ್ತಾನೆ? ಹೊರಟ ಗಾಡಿಗೆ ಇನ್ನೊಂದು ಗಾಲಿ ಸೇರಿಸಿದೆ.

"ಕೊನೆಗೆ ಕಿವಿಯಲ್ಲಿ ಒಂದು ಗುಟ್ಟು ಹೇಳ್ತು" ಎಂದೆ. "ನಿಮ್ಮ ತಲೆ ಮೇಲಿರೋ ಒಂದೊಂದು ಕೂದಲೂ ನನ್ನ ಎಲೆಯ ತಮ್ಮ, ಅಂತು."

ಬೇರುಗುರುವಿನ ಡೋಲು ಕೈಯಿಂದ ಜಾರಿತು. ಆತ ಮೊದಲ ಸಲ ಪಾದ ಬಿಟ್ಟು ನನ್ನ ಮುಖ ನೋಡಿದ.

"ಎಲೆಯ ತಮ್ಮ! ಹಾಗಾದ್ರೆ... ಕೂದಲು ಕತ್ತರಿಸೋದು ಅಂದ್ರೆ..."

ಆ ವಾಕ್ಯವನ್ನು ಆತ ಮುಗಿಸುವ ಅಗತ್ಯವೇ ಬೀಳಲಿಲ್ಲ. ಮೇಷ್ಟ್ರು ಆಗಲೇ ತಲೆ ಮುಟ್ಟಿಕೊಂಡು, "ಅಯ್ಯೋ, ಹೋದ ವಾರ ತಾನೇ ಎಷ್ಟು ಜನ ತಮ್ಮಂದಿರನ್ನು ಕಳಕೊಂಡೆ!" ಎಂದು ನರಳುತ್ತಿದ್ದರು. ಅವರ ತಲೆಯಲ್ಲಿ ಇದ್ದವರೇ ಬೆರಳೆಣಿಕೆಯಷ್ಟು.

ಅಂದಿನಿಂದ ನನ್ನ ಮರ್ಯಾದೆ ಮರದ ತುದಿಗೆ ಹೋಯಿತು, ವ್ಯಾಪಾರ ಬುಡಕ್ಕೆ ಬಂತು. ನನ್ನನ್ನು ಮರದ ಕಿವಿ ಎಂದು ಕರೆದರು. ನನ್ನದೇ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ, ಮಗಳಿಗೆ ಯಾವ ಕೆಲಸ ಒಳ್ಳೆಯದು, ಸೊಸೆ ಯಾಕೆ ಮಾತಾಡುವುದಿಲ್ಲ ಎಂದು ಕೇಳಿ, ತಲೆ ಬಾಗಿಸಿ ಹೋಗುತ್ತಿದ್ದರು. ಬಾಗಿದ ಆ ತಲೆಗಳನ್ನು ನೋಡಿ ನನ್ನ ಬೆರಳಿಗೆ ನವೆಯಾಗುತ್ತಿತ್ತು. ಒಂದು ಕೂದಲೂ ಮುಟ್ಟುವಂತಿರಲಿಲ್ಲ.

ಬೀದಿ ಬೆಳೆಯಿತು. ಅಂದರೆ ಬೀದಿಯ ಕೂದಲು ಬೆಳೆಯಿತು. ಅಂಚೆಯವನು ಯಾರ ಮುಖವೂ ಗುರುತು ಸಿಗದೆ ಎಲ್ಲ ಕಾಗದಗಳನ್ನೂ ಒಂದೇ ಮನೆಗೆ ಹಾಕಿ ಹೋದ. ಮೇಷ್ಟ್ರ ಗಡ್ಡದಲ್ಲಿ ಗುಬ್ಬಿಯೊಂದು ಸಂಸಾರ ಹೂಡಿತು. ಅವರು ಅದಕ್ಕೆ ತೊಂದರೆಯಾಗಬಾರದೆಂದು ನಗುವುದನ್ನು ಬಿಟ್ಟರು. ಮೊದಲೂ ಬಹಳ ನಗುತ್ತಿದ್ದವರಲ್ಲ, ಬಿಡಿ. ಡಾಕ್ಟರಮ್ಮ ಬಾಗಿದರೆ ಅವರ ಕೂದಲು ಅವರಿಗಿಂತ ಮೊದಲೇ ರೋಗಿಯ ಬಾಯೊಳಗೆ ಹೋಗುತ್ತಿತ್ತು. ಒಬ್ಬರ ಹಲ್ಲಿನ ಜೊತೆಗಂತೂ ತಮ್ಮ ಜಡೆಯ ತುದಿಯನ್ನೂ ಕಿತ್ತುಕೊಂಡರೆಂದು ಸುದ್ದಿ.

ನನ್ನ ಮನೆಯಲ್ಲಿ ಒಲೆ ಹಚ್ಚುವುದು ದಿನ ಬಿಟ್ಟು ದಿನವಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ಬೀದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದಳು:

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ. ನೀವು ಊರಿಗೆಲ್ಲ ಜುಟ್ಟು ಕೊಟ್ಟು, ಹಿಟ್ಟು ನಮ್ಮನೇದು ತೆಗೆದ್ರಿ."

ಅಭಿಮಾನ ನುಂಗಿಕೊಂಡು ಬೇರುಗುರುವಿನ ಹತ್ತಿರ ಹೋದೆ. ಆತ ಮರಕ್ಕೆ ಬೆನ್ನು ಆನಿಸಿ ಕೂತಿದ್ದ.

"ಗುರುಗಳೇ, ಆ ಎಲೆಯ ತಮ್ಮನ ವಿಷಯ... ಅದು ನಾನೇ ಸೇರಿಸಿದ್ದು. ಮರ ಹೇಳಿದ್ದಲ್ಲ. ಪೂರ್ತಿ ಸುಳ್ಳು."

ಆತ ಮುಗುಳ್ನಕ್ಕ. "ಪರೀಕ್ಷೆ ಮಾಡ್ತಿದ್ದೀರಾ ಅಣ್ಣ? ಮರದ ಮಾತಿಗೆ ಎದುರು ಮಾತಿಲ್ಲ. ಕೇಳಿಸಿಕೊಂಡವರೂ ಎದುರು ಹೇಳೋ ಹಾಗಿಲ್ಲ."

ಜೀವಮಾನದಲ್ಲಿ ನಾನು ಹೇಳಿದ ಉಳಿದ ಸುಳ್ಳುಗಳನ್ನೆಲ್ಲ ಜನ ಅನುಮಾನದಿಂದ ಕೇಳಿದ್ದರು. ಹೇಳಿದ ಒಂದೇ ಒಂದು ನಿಜವನ್ನು ಯಾರೂ ನಂಬಲೇ ಇಲ್ಲ. ನಾನು ತೋಡಿದ ಹಳ್ಳ ಎಷ್ಟು ಚೆನ್ನಾಗಿತ್ತೆಂದರೆ, ಬಿದ್ದ ನನಗೇ ಮೇಲೆ ಬರಲು ದಾರಿಯಿರಲಿಲ್ಲ.

ಆ ಭಾನುವಾರ ಹೆಂಡತಿ ಮನೆಯ ಹಳೇ ಚಾಪೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು. "ಎಲ್ಲಿಗೆ?" ಎಂದೆ. "ನಿಮ್ಮಮ್ಮನ್ನ ನೋಡೋಕೆ. ನಿಮ್ಮನ್ನ ಮಗನೇ ಅಂತ ಕರೆದ ಮೇಲೆ ನನಗೆ ಅತ್ತೆ ತಾನೇ?" ಎಂದಳು.

ಎಲೆ ಉದುರುವ ಕಾಲ ಶುರುವಾಗಿತ್ತು. ಗಾಳಿ ಬೀಸಿದಾಗಲೆಲ್ಲ ಹಳದಿ ಎಲೆ ರಾಶಿರಾಶಿ ಬೀಳುತ್ತಿತ್ತು. ಚಾಪೆಯ ಮೇಲಿದ್ದವರೆಲ್ಲ ಅರ್ಧ ಹೂತುಹೋಗಿದ್ದರು. ಡೋಲು ನಿಂತಿತು. ಹೆಂಡತಿ ಮೂಗಿನ ಮೇಲಿದ್ದ ಎಲೆಯನ್ನು ತೆಗೆದು ಎದ್ದು ಕೂತಳು.

"ಏನಂತು ತಂಗಿ?" ಎಂದ ಬೇರುಗುರು.

"ದೊಡ್ಡ ಮಾತೇನಿಲ್ಲ ಗುರುಗಳೇ. ಅತ್ತೆಯವರು ಸಿಟ್ಟಲ್ಲಿದ್ದರು. 'ವರ್ಷಕ್ಕೊಂದು ಸಲ ನನ್ನ ಎಲೆಗಳೇ ಉದುರಿ ಜಾಗ ಬಿಡ್ತಾವೆ. ಈ ತಮ್ಮಂದಿರು ಮಾತ್ರ ಯಾಕೆ ಅಂಟಿಕೊಂಡು ಕೂತಿದ್ದಾರೆ? ಅಣ್ಣ ಉದುರಿದ ಮೇಲೆ ತಮ್ಮ ತಲೆ ಮೇಲೆ ಕೂತಿರೋದು ಮರ್ಯಾದೆಯಾ?' ಅಂತ ಬೈದ್ರು."

ಮೇಷ್ಟ್ರ ಕಣ್ಣು ಕೂದಲೊಳಗಿನಿಂದಲೇ ಮಿನುಗಿದ್ದು ನನಗೆ ಕಂಡಿತು. ಆ ಕೂದಲ ಸೆಕೆಯಲ್ಲಿ ಅವರಿಗೂ ಸಾಕಾಗಿತ್ತು.

"ಉದುರೋದು ಅಂದ್ರೆ..." ಬೇರುಗುರು ಗಂಟಲು ಸರಿಮಾಡಿಕೊಂಡ, "ಅದು ಒಳಗಿನ ಅರ್ಥದಲ್ಲಿ ತಂಗಿ. ಅಹಂಕಾರ ಉದುರಿಸಿ ಅಂತ."

"ನಾನೂ ಹಾಗೇ ಕೇಳ್ದೆ ಗುರುಗಳೇ. 'ಒಳಗಿಂದಾ ಹೊರಗಿಂದಾ ಅತ್ತೆ?' ಅಂತ. 'ತಲೇದು' ಅಂದ್ರು. 'ಯಾರದು ಮೊದಲು?' ಅಂದೆ. 'ಎಲ್ಲಕ್ಕಿಂತ ಉದ್ದ ಯಾವುದೋ ಅದು' ಅಂದ್ರು."

ಅಲ್ಲಿದ್ದ ಎಲ್ಲ ಕಣ್ಣುಗಳೂ ಬೇರುಗುರುವಿನ ಭುಜದಿಂದ ಇಳಿದು, ಬೆನ್ನಿನಿಂದ ಇಳಿದು, ಸೊಂಟಕ್ಕೆ ಬಂದು ನಿಂತವು. ಆತ ಎರಡೂ ಕೈಯಿಂದ ತನ್ನ ಕೂದಲನ್ನು ಹಿಡಿದುಕೊಂಡ.

"ಎದುರು ಮಾತಿಲ್ಲ ಅಲ್ವಾ ಗುರುಗಳೇ?" ಎಂದರು ಡಾಕ್ಟರಮ್ಮ, ಹಲ್ಲು ಕೀಳುವ ಮೊದಲು ಹೇಳುವಂಥ ಮೃದು ದನಿಯಲ್ಲಿ. "ಒಂದು ನಿಮಿಷ ಅಷ್ಟೇ. ನೋವಾಗಲ್ಲ."

ಆತ ಬಂದು ನನ್ನ ಕುರ್ಚಿಯಲ್ಲಿ ಕೂತ. ನಾನು ಬಿಳಿ ಬಟ್ಟೆ ಕೊಡವಿ ಕೊರಳಿಗೆ ಕಟ್ಟಿದೆ. ಆ ಹೊತ್ತಿನ ನನ್ನ ಕೈಚಳಕವನ್ನು ನೀವು ನೋಡಬೇಕಿತ್ತು. ಕತ್ತರಿ ಕಾಣಲೇ ಇಲ್ಲ, ಬರೀ ಮಿಂಚು! ಬಿದ್ದ ಕೂದಲಿನ ರಾಶಿಯ ಮೇಲೆ ಬೆಕ್ಕೊಂದು ಬಂದು ಮಲಗಿತು, ಎಲೆ ಯಾವುದು ತಮ್ಮ ಯಾವುದು ಎಂದು ನೆಲಕ್ಕೇ ಗೊತ್ತಾಗಲಿಲ್ಲ. ನನ್ನ ಹಿಂದೆ ಆಗಲೇ ಸಾಲು ನಿಂತಿತ್ತು. ಮುಂದೆ ಯಾರು ಎಂದು ಮೇಷ್ಟ್ರೂ ಅರ್ಧ ಗಡ್ಡದ ಗಿರಾಕಿಯೂ ತಳ್ಳಾಡುತ್ತಿದ್ದರು. ಆ ಇನ್ನರ್ಧ ಗಡ್ಡ ಅಷ್ಟು ದಿನವೂ ಹಾಗೇ ಉಳಿದು ಹೊಟ್ಟೆ ಮುಟ್ಟಿತ್ತು.

ಕುರ್ಚಿಯಲ್ಲಿದ್ದವನು ಕನ್ನಡಿ ನೋಡಿದ. ಸಣ್ಣ ಕಿವಿ, ಅಗಲ ಹಣೆ, ಬ್ಯಾಂಕಿನ ಕಿಟಕಿಯ ಹಿಂದೆ ಕೂರುವವರಂಥ ಸಾಧು ಮುಖ.

"ಥೇಟ್ ನಮ್ಮಣ್ಣನ ಹಾಗಿದ್ದೀನಿ" ಎಂದ ಮೆಲ್ಲಗೆ. ಆಮೇಲೆ, "ಕಿವಿ ಹತ್ರ ಇನ್ನೂ ಸ್ವಲ್ಪ ಚಿಕ್ಕದು ಮಾಡಿ."

ಮಾಡಿದೆ. ಆತ ಕನ್ನಡಿಯೊಳಗಿನಿಂದಲೇ ನನ್ನ ಕಣ್ಣು ಹುಡುಕಿ, ಹಿಂದಿನವರಿಗೆ ಕೇಳಿಸದ ಹಾಗೆ ಕೇಳಿದ:

"ಅಣ್ಣ, ನಿಜ ಹೇಳಿ. ನಿಮಗೆ, ನಿಮ್ಮನೆಯವರಿಗೆ, ಎಲ್ಲರಿಗೂ ಮರ ಮಾತಾಡುತ್ತೆ. ಇಷ್ಟು ವರ್ಷ ಡೋಲು ಬಾರಿಸಿದೆ. ನನಗೆ ಮಾತ್ರ ಅದು ಒಂದು ದಿನಾನೂ ಒಂದು ಮಾತೂ ಆಡಿಲ್ಲ. ಯಾಕೆ?"

ನನ್ನ ನಾಲಿಗೆ ತುದಿಗೆ ಒಂದಕ್ಕಿಂತ ಒಂದು ಚೆಂದದ ಉತ್ತರಗಳು ಬಂದು ನಿಂತವು. ಒಂದೊಂದೂ ಒಂದೊಂದು ಊರನ್ನು ಬೆಳಗುವಂಥದ್ದು. ಸಾಲಿನ ಪಕ್ಕದಲ್ಲಿ ಹೆಂಡತಿ ಚಾಪೆ ಸುತ್ತುತ್ತ ನನ್ನನ್ನೇ ನೋಡುತ್ತಿದ್ದಳು.

"ತಲೆ ಅಲ್ಲಾಡಿಸಬೇಡಿ ತಮ್ಮ" ಎಂದೆ. "ಕಿವಿ ಕುಯ್ದುಹೋಗುತ್ತೆ."